ಮಂಡಿ ನಿಜಕ್ಕೂ ಬಿಜಾಗರಿಯೇ? ಚಕ್ಕಳಮಕ್ಕಳ ಹಾಕಿದಾಗ ತಿರುಗುವ ಕೀಲು ಯಾವುದು?

ಹೊಸಿಲು | ಭಾನುವಾರ, ಬೆಳಿಗ್ಗೆ 9.10

ಎಲ್ಲರಿಗೂ ನಮಸ್ಕಾರ. ನಾನು ನಿವೃತ್ತ ಗಣಿತ ಶಿಕ್ಷಕ, ವಯಸ್ಸು 63. ಕಳೆದ ವಾರ ಊರಿನ ಹಳೆಯ ಮನೆಯ ಬಾಗಿಲುಗಳನ್ನು ರಿಪೇರಿ ಮಾಡಿಸುತ್ತಿದ್ದಾಗ ಎದ್ದ ಸಂದೇಹವೊಂದನ್ನು ಇಲ್ಲಿ ಇಡುತ್ತಿದ್ದೇನೆ. ನಮ್ಮ ನಡುಮನೆಯ ಬಾಗಿಲು ಹೊಸಿಲಿನ ಕುಳಿಯಲ್ಲಿ ಕೂತ ಮರದ ತಿರುಗುಣಿಯ ಮೇಲೆ ಸುತ್ತುವಂಥದ್ದು. ಆಮೇಲೆ ಸೇರಿಸಿದ ಕೋಣೆಯ ಬಾಗಿಲಿಗೆ ಕಬ್ಬಿಣದ ಬಿಜಾಗರಿ ಇದೆ. ಆ ಬಿಜಾಗರಿಗೆ ಎಣ್ಣೆ ಬಿಡುವುದನ್ನು ನೋಡುತ್ತಿದ್ದ ಮೊಮ್ಮಗಳು, "ಅಜ್ಜ, ಮಂಡಿಯೂ ಹೀಗೇ ಅಂತೆ, ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ" ಎಂದಳು.

ಬಿಜಾಗರಿಯಾದರೆ ಅದಕ್ಕೆ ಒಂದೇ ಅಕ್ಷ ಇರಬೇಕು, ಮಡಿಸುವುದು ಮತ್ತು ಬಿಡಿಸುವುದು ಬಿಟ್ಟು ಬೇರೇನೂ ಆಗಬಾರದು. ಆದರೆ ಊಟಕ್ಕೆ ಚಕ್ಕಳಮಕ್ಕಳ ಹಾಕಿ ಕುಳಿತಾಗ ಮಂಡಿ ಹೊರಕ್ಕೆ ಬಿದ್ದು, ಕಾಲು ಅಡ್ಡಕ್ಕೆ ತಿರುಗಿ, ಪಾದ ಎದುರು ತೊಡೆಯ ಕೆಳಗೆ ಸೇರುತ್ತದೆ. ಒಂದೇ ಅಕ್ಷದ ಕೀಲಿನಿಂದ ಇದು ಹೇಗೆ ಸಾಧ್ಯ? ಎರಡನೆಯ ಪ್ರಶ್ನೆ ಸ್ವಲ್ಪ ಸ್ವಂತದ್ದು. ನನಗಿಂತ ಎರಡು ವರ್ಷ ಹಿರಿಯರಾದ ಬಡಗಿ ಬೆಳಗಿನಿಂದ ಮಧ್ಯಾಹ್ನದವರೆಗೆ ಕುಕ್ಕರಗಾಲಿನಲ್ಲಿ ಕುಳಿತು ಉಳಿ ಹೊಡೆದರು. ನಾನು ಹಾಗೆ ಕುಳಿತರೆ ಎರಡು ನಿಮಿಷದಲ್ಲಿ ಹಿಂದಕ್ಕೆ ಬೀಳುತ್ತೇನೆ. ನನಗೆ ಮಂಡಿ ನೋವಿಲ್ಲ, ಚಕ್ಕಳಮಕ್ಕಳ ಹಾಕಿ ಗಂಟೆಗಟ್ಟಲೆ ಕೂರಬಲ್ಲೆ. ಮತ್ತೆ ಇದೇಕೆ?

ಮೂಳೆಪಾಠ | ಭಾನುವಾರ, ಬೆಳಿಗ್ಗೆ 11.35

ಮೇಷ್ಟ್ರೇ, ನಮಸ್ಕಾರ. ವೈದ್ಯಕೀಯ ವಿದ್ಯಾರ್ಥಿಗಳಿಗೆ ಅಂಗರಚನಾಶಾಸ್ತ್ರ ಕಲಿಸುವುದು ನನ್ನ ಕೆಲಸ. ನಿಮ್ಮ ಮನೆಯ ಎರಡು ಬಾಗಿಲುಗಳಲ್ಲೇ ಉತ್ತರ ಇದೆ ಎನ್ನುವುದರಿಂದ ತುಸು ವಿವರವಾಗಿ ಬರೆಯುತ್ತೇನೆ.

ನಿಜವಾದ ಬಿಜಾಗರಿಯನ್ನು ನೋಡಬೇಕಾದರೆ ಮೊಣಕೈಯಲ್ಲಿ, ತೋಳಿನ ಮೂಳೆಗೂ ಅಲ್ನಾ ಎಂಬ ಒಳಬದಿಯ ಮೂಳೆಗೂ ನಡುವೆ ಇರುವ ಕೀಲನ್ನು ನೋಡಬೇಕು. ಅಲ್ಲಿ ಒಂದು ಮೂಳೆಯ ರಾಟೆಯಂಥ ತುದಿಯನ್ನು ಇನ್ನೊಂದು ಮೂಳೆ ಇಕ್ಕುಳದ ಹಾಗೆ ಹಿಡಿದುಕೊಂಡಿದೆ. ನಿಮ್ಮ ನಡುಮನೆಯ ತಿರುಗುಣಿಗೆ ಸಮನಾದದ್ದು ಕತ್ತಿನಲ್ಲಿದೆ: ಮೊದಲ ಕಶೇರುಕ ಎರಡನೆಯದರ ಹಲ್ಲಿನಂಥ ಚಾಚಿನ ಸುತ್ತ ತಿರುಗುವುದರಿಂದಲೇ ನಾವು ತಲೆಯಾಡಿಸಿ "ಬೇಡ" ಎನ್ನುತ್ತೇವೆ. ತೊಡೆಯ ಬುಡದಲ್ಲಿರುವುದು ಒರಳು ಮತ್ತು ಗುಂಡು. ಹೆಬ್ಬೆರಳಿನ ಬುಡದ್ದು ಕುದುರೆಯ ಜೀನಿನಂಥದ್ದು. ಹೀಗೆ ಹೆಸರು ಕೊಡುತ್ತಾ ಬಂದವರು ಮಂಡಿಯ ಹತ್ತಿರ ಬಂದಾಗ ಅದನ್ನು ಬಿಜಾಗರಿಯ ಸಾಲಿಗೆ ಸೇರಿಸಿದ್ದು ಅನುಕೂಲಕ್ಕೇ ಹೊರತು ಅದು ಆ ಸಾಲಿಗೆ ಸರಿಯಾಗಿ ಹೊಂದುತ್ತದೆ ಎಂದಲ್ಲ.

ಒಂದು ಪ್ರಯೋಗ ಮಾಡಿ. ಕುರ್ಚಿಯಲ್ಲಿ ಕುಳಿತು ಮಂಡಿಯನ್ನು ನೇರಕೋನಕ್ಕೆ ಮಡಿಸಿ. ಮಂಡಿಚಿಪ್ಪಿನ ಕೆಳಗೆ ಮೂರು ಬೆರಳಿನಷ್ಟು ದೂರದಲ್ಲಿ ಕಣಕಾಲ ಮೂಳೆಯ ಮೇಲೆ ಒಂದು ಗುಬುಟು ಸಿಗುತ್ತದೆ. ಅದರ ಮೇಲೆ ಬೆರಳಿಡಿ. ಹಿಮ್ಮಡಿಯನ್ನು ನೆಲಕ್ಕೆ ಊರಿ, ತೊಡೆಯನ್ನು ಅಲುಗಿಸದೆ, ಪಾದದ ತುದಿಯನ್ನು ಒಳಕ್ಕೂ ಹೊರಕ್ಕೂ ತಿರುಗಿಸಿ. ಗುಬುಟು ಬೆರಳಿನ ಕೆಳಗೆ ಆಚೀಚೆ ಸರಿಯುವುದು ತಿಳಿಯುತ್ತದೆ. ಅಂದರೆ ಮಡಿಸಿದ ಮಂಡಿಯಲ್ಲಿ ಕಣಕಾಲು ತನ್ನ ಉದ್ದದ ಅಕ್ಷದ ಸುತ್ತ ತಿರುಗುತ್ತದೆ. ಹೊರಕ್ಕೆ ಸುಮಾರು 40 ಡಿಗ್ರಿ, ಒಳಕ್ಕೆ ಸುಮಾರು 30 ಡಿಗ್ರಿ. ಈಗ ಕಾಲನ್ನು ಪೂರ್ತಿ ನೀಡಿ ಅದನ್ನೇ ಮಾಡಿ. ಪಾದ ತಿರುಗುತ್ತದೆ, ಆದರೆ ಮಂಡಿಚಿಪ್ಪೂ ಜೊತೆಗೇ ತಿರುಗುತ್ತದೆ. ಆ ತಿರುಗುವಿಕೆ ಮಂಡಿಯದ್ದಲ್ಲ, ತೊಡೆಯ ಬುಡದ್ದು.

ಹೀಗಾಗಲು ಕಾರಣ ತೊಡೆಮೂಳೆಯ ಕೆಳತುದಿಯ ಆಕಾರ. ಅಲ್ಲಿ ಎರಡು ಉಬ್ಬುಗಳಿವೆ, ಒಳಬದಿಯದು ಒಂದು, ಹೊರಬದಿಯದು ಒಂದು. ಪಕ್ಕದಿಂದ ನೋಡಿದರೆ ಅವು ವೃತ್ತದ ತುಂಡುಗಳಲ್ಲ. ಕೆಳಗೆ ಮತ್ತು ಮುಂದೆ ಚಪ್ಪಟೆ, ಹಿಂದಕ್ಕೆ ಹೋದಂತೆ ಹೆಚ್ಚು ಉರುಟು. ನಿಮ್ಮ ಭಾಷೆಯಲ್ಲಿ ಹೇಳುವುದಾದರೆ ಹಿಂದಕ್ಕೆ ಹೋದಷ್ಟೂ ತ್ರಿಜ್ಯ ಕಿರಿದಾಗುತ್ತದೆ. ಕಾಲು ನೀಡಿದಾಗ ದೊಡ್ಡ ತ್ರಿಜ್ಯದ ಭಾಗ ಕೆಳಗಿರುವುದರಿಂದ ಎರಡು ಬದಿಯ ಅಸ್ಥಿರಜ್ಜುಗಳು ಬಿಗಿಯಾಗುತ್ತವೆ. ಮಡಿಸಿದಾಗ ಸಣ್ಣ ತ್ರಿಜ್ಯದ ಭಾಗ ಬಂದು ಅವು, ಅದರಲ್ಲೂ ಹೊರಬದಿಯದು, ಸಡಿಲವಾಗುತ್ತವೆ. ಸಡಿಲಾದ ಮೇಲೆ ತಿರುಗಲು ಎಡೆ ಸಿಗುತ್ತದೆ.

ಇನ್ನು ಸ್ವಾರಸ್ಯದ ವಿಷಯ. ಕಣಕಾಲ ಮೂಳೆಯ ಮೇಲ್ಮೈ ಒಳಬದಿಯಲ್ಲಿ ಬಟ್ಟಲಿನಂತೆ ತಗ್ಗಾಗಿದೆ, ಹೊರಬದಿಯಲ್ಲಿ ಚಪ್ಪಟೆ, ಸ್ವಲ್ಪ ಉಬ್ಬೂ ಹೌದು. ಹಾಗಾಗಿ ನೀಡಿದ ಕಾಲನ್ನು 120 ಡಿಗ್ರಿಯವರೆಗೆ ಮಡಿಸುವಾಗ ಒಳಬದಿಯ ಉಬ್ಬು ಬಹುಮಟ್ಟಿಗೆ ಇದ್ದಲ್ಲೇ ಜಾರುತ್ತಾ ಉಳಿಯುತ್ತದೆ. ಹೊರಬದಿಯದು ಉರುಳಿ ಉರುಳಿ ಒಂದೂವರೆಯಿಂದ ಎರಡು ಸೆಂಟಿಮೀಟರ್‌ನಷ್ಟು ಹಿಂದಕ್ಕೆ ಸರಿಯುತ್ತದೆ. ಒಂದು ಅಂಚು ನಿಂತು ಇನ್ನೊಂದು ಅಂಚು ಸರಿಯುವುದು ಎಂದರೆ ಏನು? ನಿಮ್ಮ ನಡುಮನೆಯ ಬಾಗಿಲೇ! ಮಂಡಿ ಮಡಿಯುವಾಗ ಬಿಜಾಗರಿಯ ಕೆಲಸದ ಜೊತೆಗೇ, ಒಳಬದಿಯನ್ನು ತಿರುಗುಣಿಯಾಗಿಸಿಕೊಂಡು, ಸುತ್ತುವ ಬಾಗಿಲಿನ ಕೆಲಸವೂ ನಡೆದಿರುತ್ತದೆ. ಜರ್ಮನಿಯ ವೇಬರ್ ಸಹೋದರರು 1836ರಲ್ಲೇ ಮಂಡಿಯಲ್ಲಿ ಉರುಳುವಿಕೆ ಮತ್ತು ಜಾರುವಿಕೆ ಎರಡೂ ಬೆರೆತಿವೆ ಎಂದು ಬರೆದಿದ್ದರು.

ಚಕ್ಕಳಮಕ್ಕಳದ ಪ್ರಶ್ನೆಗೆ ನೇರ ಉತ್ತರ: ಹೆಚ್ಚಿನ ಪಾಲು ತೊಡೆಯ ಬುಡದ ಕೀಲಿನದು, ಉಳಿದ ಸ್ವಲ್ಪ ಮಂಡಿಯದು. ಈ ಪಾಲು ತಪ್ಪಿದಾಗಲೇ ತೊಂದರೆ. ಕುಕ್ಕರಗಾಲಿನ ಬಗ್ಗೆ ಆಮೇಲೆ ಬರೆಯುತ್ತೇನೆ, ಈಗ ಊಟದ ಹೊತ್ತು.

ಸಂಶಯಿ | ಭಾನುವಾರ, ಮಧ್ಯಾಹ್ನ 2.20

ಸೊಗಸಾದ ವಿವರಣೆ. ಆದರೆ ಕಾಲು ನೀಡಿದಾಗ ಮಂಡಿ ತಿರುಗುವುದೇ ಇಲ್ಲ ಎಂದು ಬರೆದಿದ್ದೀರಿ. ನಾನು ಗುಬುಟಿನ ಮೇಲೆ ಬೆರಳಿಟ್ಟು ನಿಧಾನವಾಗಿ ಕಾಲು ನೀಡುತ್ತಾ ಹೋದೆ. ಕೊನೆಯ ಹಂತದಲ್ಲಿ ಗುಬುಟು ಸ್ಪಷ್ಟವಾಗಿ ಹೊರಬದಿಗೆ ಸರಿಯಿತು. ಇದು ನಿಮ್ಮ ಮಾತಿಗೆ ವಿರುದ್ಧವಲ್ಲವೇ?

ಮೂಳೆಪಾಠ | ಭಾನುವಾರ, ಸಂಜೆ 4.05

ಬಹಳ ಸೂಕ್ಷ್ಮವಾಗಿ ನೋಡಿದ್ದೀರಿ. ನಾನು ಹೇಳಿದ್ದು ಪೂರ್ತಿ ನೀಡಿದ ಮೇಲಿನ ಮಾತು. ನೀವು ಕಂಡದ್ದು ಅದಕ್ಕೆ ಮುಂಚಿನ ಕ್ಷಣದ್ದು, ಮತ್ತು ಅದು ನಿಮ್ಮ ಇಚ್ಛೆಯಿಂದ ಆದದ್ದಲ್ಲ, ಮೂಳೆಗಳ ಆಕಾರವೇ ಮಾಡಿಸಿದ್ದು. ಒಳಬದಿಯ ಉಬ್ಬಿನ ಮೇಲ್ಮೈ ಹೊರಬದಿಯದಕ್ಕಿಂತ ಉದ್ದ. ನೀಡುವಾಗ ಹೊರಬದಿಯ ಹಾದಿ ಮೊದಲು ಮುಗಿದುಹೋಗುತ್ತದೆ, ಒಳಬದಿಯಲ್ಲಿ ಇನ್ನೂ ಸ್ವಲ್ಪ ಉಳಿದಿರುತ್ತದೆ. ಆ ಉಳಿದ ಹಾದಿಯನ್ನು ಕ್ರಮಿಸಲು ಕಣಕಾಲು ಹೊರಕ್ಕೆ ತಿರುಗಲೇಬೇಕು. ಕೊನೆಯ 20ರಿಂದ 30 ಡಿಗ್ರಿಯಲ್ಲಿ ನಡೆಯುವ ಈ ತಿರುಚಿಗೆ ತಿರುಪು ಬಿಗಿಯುವ ಚಲನೆಯೆಂದೇ ಹೆಸರು. ತಿರುಪು ಬಿಗಿದ ಮೇಲೆ ಮಂಡಿಗೆ ಬೀಗ ಬೀಳುತ್ತದೆ. ಸರತಿಯಲ್ಲಿ ಗಂಟೆಗಟ್ಟಲೆ ನಿಂತರೂ ತೊಡೆಯ ಮುಂಭಾಗದ ಸ್ನಾಯು ಅಷ್ಟಾಗಿ ದಣಿಯದಿರುವುದು ಈ ಬೀಗದಿಂದ. ನಿಂತವರ ಮಂಡಿಚಿಪ್ಪನ್ನು ಬೆರಳಿನಿಂದ ಆಚೀಚೆ ಅಲ್ಲಾಡಿಸಬಹುದು, ಅಷ್ಟು ಸಡಿಲವಾಗಿರುತ್ತದೆ.

ಬೀಗ ತೆಗೆಯಲು ಮಂಡಿಯ ಹಿಂದುಗಡೆ ಓರೆಯಾಗಿ ಹಾದುಹೋಗುವ ಪಾಪ್ಲಿಟಿಯಸ್ ಎಂಬ ಪುಟ್ಟ ಸ್ನಾಯು ಇದೆ. ಕೈಬೆರಳಿನಷ್ಟು ದಪ್ಪವೂ ಇಲ್ಲದ ಇದು ಮೊದಲು ತಿರುಪನ್ನು ಸಡಿಲಿಸಿದರೆ ಆಮೇಲೆ ದೊಡ್ಡ ಸ್ನಾಯುಗಳು ಮಡಿಸುತ್ತವೆ. ನನ್ನ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಇದನ್ನು ಮರೆಯುವಷ್ಟು ಬೇರೆ ಯಾವ ಸ್ನಾಯುವನ್ನೂ ಮರೆಯುವುದಿಲ್ಲ.

ಅರೆಮಂಡಿ | ಭಾನುವಾರ, ರಾತ್ರಿ 8.40

ಈ ಚರ್ಚೆಯನ್ನು ಓದುತ್ತಾ ನನ್ನ ಹೆಸರೇ ಇಲ್ಲಿ ಸಾಕ್ಷಿಗೆ ನಿಂತಿದೆ ಅನ್ನಿಸಿತು. ಭರತನಾಟ್ಯದಲ್ಲಿ ನಾವು ಅರೆಮಂಡಿ ಎಂದು ಕರೆಯುವ ನಿಲುವಿನಲ್ಲಿ ಎರಡೂ ಮಂಡಿಗಳು ಹೊರಕ್ಕೆ ತೆರೆದು, ಪಾದಗಳೂ ಹೊರಮುಖವಾಗಿ, ದೇಹ ಅರ್ಧಕ್ಕೆ ಇಳಿದಿರಬೇಕು. ನಾನು ಕಲಿಯುವಾಗ ನನ್ನ ಪಾದಗಳನ್ನು ಮೊದಲು ಒಂದೇ ಗೆರೆಯಲ್ಲಿ ಹೊರಕ್ಕೆ ಇಡಿಸಿ, ಆಮೇಲೆ ಬೆನ್ನ ಹಿಂದೆ ನಿಂತು ಮಂಡಿಗಳನ್ನು ಕೈಯಿಂದ ಹಿಂದಕ್ಕೆ ಒತ್ತುತ್ತಿದ್ದರು. ಹತ್ತೊಂಬತ್ತನೆಯ ವಯಸ್ಸಿಗೆ ಬಲಮಂಡಿಯ ಒಳಬದಿಯಲ್ಲಿ ನೋವು ಕಾಣಿಸಿಕೊಂಡಿತು. ಕಲಿಸಿದವರನ್ನು ದೂರುವ ಉದ್ದೇಶ ನನಗಿಲ್ಲ, ಅವರೂ ಹಾಗೆಯೇ ಕಲಿತವರು. ಆದರೆ ಮಂಡಿ ಎಂಬ ಹೆಸರಿನ ಈ ನಿಲುವು ಮಂಡಿಯದ್ದೇ ಅಲ್ಲ, ತೊಡೆಯ ಬುಡದ್ದು ಎಂಬುದನ್ನು ನಾನು ಭೌತಚಿಕಿತ್ಸಕರೊಬ್ಬರ ಬಳಿ ಹೋದ ಮೇಲಷ್ಟೇ ತಿಳಿದುಕೊಂಡೆ.

ಈಗ ನಾನು ಮಕ್ಕಳಿಗೆ ಕಲಿಸುವಾಗ ಕ್ರಮವನ್ನು ತಿರುಗಿಸಿದ್ದೇನೆ. ಮೊದಲು ತೊಡೆ ಎಷ್ಟು ತೆರೆಯುತ್ತದೆಯೋ ನೋಡಿ, ಮಂಡಿಚಿಪ್ಪು ಯಾವ ದಿಕ್ಕಿಗೆ ಮುಖ ಮಾಡಿದೆಯೋ ಆ ದಿಕ್ಕಿಗೇ ಪಾದವನ್ನು ಇಡಿಸುತ್ತೇನೆ. ನಿಲುವು ಕೆಲವರಲ್ಲಿ ಚಿತ್ರದಷ್ಟು ಅಗಲವಾಗಿ ಬರುವುದಿಲ್ಲ. ಪೋಷಕರು ಕೇಳುತ್ತಾರೆ, "ಪಕ್ಕದ ಹುಡುಗಿಗೆ ಬರುತ್ತದೆ, ನಮ್ಮವಳಿಗೇಕೆ ಬರುವುದಿಲ್ಲ?" ಅಭ್ಯಾಸದಿಂದ ಎಷ್ಟು ಬರುತ್ತದೆ, ಹುಟ್ಟಿನಿಂದ ಎಷ್ಟು ಎಂದು ತಿಳಿದವರು ಹೇಳಬೇಕು.

ಕೈಗುಣ | ಸೋಮವಾರ, ಬೆಳಿಗ್ಗೆ 7.15

ನಾನು ಭೌತಚಿಕಿತ್ಸಕಿ, ಹನ್ನೆರಡು ವರ್ಷಗಳಿಂದ ಮಂಡಿ ಮತ್ತು ಬೆನ್ನಿನ ತೊಂದರೆಗಳನ್ನೇ ಹೆಚ್ಚಾಗಿ ನೋಡುತ್ತಿದ್ದೇನೆ. ಅರೆಮಂಡಿ ಅಕ್ಕನವರ ಪ್ರಶ್ನೆಗೆ ಉತ್ತರಿಸುವ ಮುಂಚೆ ಒಂದು ಪದದ ಗೊಂದಲವನ್ನು ನಿವಾರಿಸಬೇಕು. "ಸೊಂಟದ ಕೀಲು ತೋರಿಸಿ" ಎಂದರೆ ಹೆಚ್ಚಿನವರು ಉಡಿದಾರ ಕಟ್ಟುವ ಜಾಗವನ್ನೋ, ಪಕ್ಕದಲ್ಲಿ ಕೈಗೆ ಸಿಗುವ ಮೂಳೆಯನ್ನೋ ಮುಟ್ಟಿ ತೋರಿಸುತ್ತಾರೆ. ಕೀಲು ಇರುವುದು ಅಲ್ಲಲ್ಲ, ತೊಡೆಸಂದಿನ ನಡುವಿಗೆ ಆಳದಲ್ಲಿ. ಅಲ್ಲಿ ತೊಡೆಮೂಳೆಯ ಗುಂಡು ಕಿಬ್ಬೊಟ್ಟೆಯ ಎಲುಬಿನ ಒರಳಿನಲ್ಲಿ ಕೂತಿದೆ. ಆದರೆ ಗುಂಡು ನೇರವಾಗಿ ತೊಡೆಮೂಳೆಯ ತುದಿಯಲ್ಲಿಲ್ಲ. ನಡುವೆ ಒಂದು ಕತ್ತು ಇದೆ. ಆ ಕತ್ತು ಸುಮಾರು 125 ಡಿಗ್ರಿ ಕೋನದಲ್ಲಿ ಓರೆಯಾಗಿದೆ, ಜೊತೆಗೆ ಸ್ವಲ್ಪ ಮುಂದಕ್ಕೂ ತಿರುಚಿಕೊಂಡಿದೆ.

ಎಲ್ಲವೂ ನಿಂತಿರುವುದು ಈ ಮುಂತಿರುಚಿನ ಮೇಲೆ. ಹುಟ್ಟಿದ ಮಗುವಿನಲ್ಲಿ ಅದು 30ರಿಂದ 40 ಡಿಗ್ರಿ, ಬೆಳೆಯುತ್ತಾ ಕಡಿಮೆಯಾಗಿ ದೊಡ್ಡವರಲ್ಲಿ ಸರಾಸರಿ 15 ಡಿಗ್ರಿಗೆ ಬಂದು ನಿಲ್ಲುತ್ತದೆ. ಸರಾಸರಿ ಎಂಬುದನ್ನು ಗಮನಿಸಿ. ತಿರುಚು ಹೆಚ್ಚಾಗಿ ಉಳಿದವರ ತೊಡೆ ಒಳಕ್ಕೆ ಸುಲಭವಾಗಿ ತಿರುಗುತ್ತದೆ, ಹೊರಕ್ಕೆ ಕಷ್ಟದಿಂದ. ಅಂಥ ಮಕ್ಕಳು ಮಂಡಿಗಳನ್ನು ಮುಂದಿಟ್ಟು, ಪಾದಗಳನ್ನು ಎರಡೂ ಪಕ್ಕಕ್ಕೆ ಚಾಚಿ ನೆಲದಲ್ಲಿ ಕೂರಲು ಇಷ್ಟಪಡುತ್ತಾರೆ. ಚಕ್ಕಳಮಕ್ಕಳ ಹಾಕಿಸಿದರೆ ಚಡಪಡಿಸುತ್ತಾರೆ. ತಿರುಚು ಕಡಿಮೆ ಇರುವವರಿಗೆ ಅರೆಮಂಡಿಯೂ ಪದ್ಮಾಸನವೂ ಸಲೀಸು. ಕೀಲಿನ ಸುತ್ತಲಿನ ಸ್ನಾಯು, ಪೊರೆಗಳನ್ನು ಅಭ್ಯಾಸದಿಂದ ಸಡಿಲಿಸಬಹುದು. ಬೆಳವಣಿಗೆ ಮುಗಿದ ಮೂಳೆಯ ತಿರುಚನ್ನು ಯಾವ ಅಭ್ಯಾಸವೂ ಬದಲಿಸುವುದಿಲ್ಲ. ಪಕ್ಕದ ಹುಡುಗಿಯ ಜೊತೆ ಹೋಲಿಸುವ ಪೋಷಕರಿಗೆ ಇದನ್ನೇ ಹೇಳಿ.

ಪದ್ಮಾಸನದ ವಿಷಯದಲ್ಲಿ ನನಗೆ ಸಿಟ್ಟಿದೆ, ಆಸನದ ಮೇಲಲ್ಲ, ಅದನ್ನು ಮಾಡಿಸುವ ಆತುರದ ಮೇಲೆ. ತೊಡೆ ಹೊರಕ್ಕೆ ಸಾಕಷ್ಟು ತಿರುಗದವರು ಪಾದವನ್ನು ಕೈಯಿಂದ ಎಳೆದು ಎದುರು ತೊಡೆಯ ಮೇಲೆ ಇಟ್ಟುಕೊಂಡಾಗ ಉಳಿದ ಕೋನವನ್ನು ಮಂಡಿ ತುಂಬಿಕೊಡಬೇಕಾಗುತ್ತದೆ. ಆಗ ಮಂಡಿಯ ಹೊರಬದಿ ಬಾಯಿ ತೆರೆಯುವಂತೆ ಸೆಳೆತಕ್ಕೊಳಗಾಗಿ, ಒಳಬದಿಯಲ್ಲಿ ಎರಡು ಮೂಳೆಗಳ ನಡುವೆ ಇರುವ ಮೆನಿಸ್ಕಸ್ ಎಂಬ ಮೃದ್ವಸ್ಥಿಯ ಬಿಲ್ಲೆ ಅದುಮಿಹೋಗುತ್ತದೆ. ಆ ಸೆಳೆತವನ್ನು ನೀವೇ ಮುಟ್ಟಿ ನೋಡಬಹುದು: ಕುರ್ಚಿಯಲ್ಲಿ ಕುಳಿತು ಒಂದು ಕಾಲಿನ ಹರಡನ್ನು ಇನ್ನೊಂದು ಮಂಡಿಯ ಮೇಲೆ ಇಟ್ಟರೆ, ಮಡಿಸಿದ ಮಂಡಿಯ ಹೊರಪಕ್ಕದಲ್ಲಿ ಪೆನ್ಸಿಲ್ಲಿನಷ್ಟು ದಪ್ಪದ ಹುರಿಯೊಂದು ಬೆರಳಿಗೆ ಸಿಗುತ್ತದೆ. ಅದೇ ಹೊರಬದಿಯ ಅಸ್ಥಿರಜ್ಜು. ಈ ಸ್ಥಿತಿಯಲ್ಲಿ ಯಾರಾದರೂ ನಿಮ್ಮ ಮಂಡಿಯನ್ನು ಕೆಳಕ್ಕೆ ಒತ್ತಲು ಬಂದರೆ ದಯವಿಟ್ಟು ಎದ್ದುಹೋಗಿ. ತೊಡೆಯ ಕೆಳಗೆ ಮಡಿಸಿದ ಕಂಬಳಿ ಇಟ್ಟು, ಕುಂಡೆಯನ್ನು ಎತ್ತರಿಸಿ ಕುಳಿತರೆ ಯಾವ ಧ್ಯಾನಕ್ಕೂ ಭಂಗವಾಗುವುದಿಲ್ಲ.

ಸಂಶಯಿ | ಸೋಮವಾರ, ಬೆಳಿಗ್ಗೆ 10.00

ಮೆನಿಸ್ಕಸ್ ಹರಿದರೆ ತೆಗೆದುಹಾಕುತ್ತಾರಂತೆ. ಹಾಗೆ ತೆಗೆದು ಬಿಸಾಡಬಹುದಾದ ವಸ್ತುವಾದರೆ ಅದು ಅಲ್ಲಿ ಇರುವುದೇಕೆ?

ಮೂಳೆಪಾಠ | ಸೋಮವಾರ, ಮಧ್ಯಾಹ್ನ 1.30

ಒಂದು ಕಾಲಕ್ಕೆ ಶಸ್ತ್ರವೈದ್ಯರೂ ಹಾಗೆಯೇ ಯೋಚಿಸಿ ಪೂರ್ತಿ ತೆಗೆಯುತ್ತಿದ್ದರು. 1948ರಲ್ಲಿ ಫೇರ್‌ಬ್ಯಾಂಕ್ ಎಂಬ ಬ್ರಿಟಿಷ್ ಶಸ್ತ್ರವೈದ್ಯರು ಹಾಗೆ ತೆಗೆಸಿಕೊಂಡವರ ಎಕ್ಸ್-ರೇಗಳನ್ನು ನೋಡಿ, ಕೀಲಿನ ಎಡೆ ಕಿರಿದಾಗಿರುವುದನ್ನೂ ಮೂಳೆಯ ಅಂಚು ಬೆಳೆದಿರುವುದನ್ನೂ ತೋರಿಸಿಕೊಟ್ಟರು. ಉರುಟಾದ ಉಬ್ಬು ಚಪ್ಪಟೆಯ ಮೇಲೆ ಕೂತರೆ ಭಾರವೆಲ್ಲ ಒಂದು ಚುಕ್ಕೆಯಲ್ಲಿ ಬೀಳುತ್ತದೆ. ಕೊಡವನ್ನು ತಲೆಯ ಮೇಲೆ ಹೊರುವಾಗ ಸಿಂಬಿ ಇಡುತ್ತಾರಲ್ಲ, ಮೆನಿಸ್ಕಸ್ ಅದೇ ಸಿಂಬಿ. ಒಳಬದಿಯದು ಅರ್ಧಚಂದ್ರದ ಹಾಗೆ, ಹೊರಬದಿಯದು ಹೆಚ್ಚುಕಡಿಮೆ ಪೂರ್ಣ ಬಳೆಯ ಹಾಗೆ. ಹೊರಬದಿಯದು ಉಬ್ಬಿನ ಜೊತೆಗೇ ಹಿಂದಕ್ಕೆ ಸರಿಯಬಲ್ಲದು. ಒಳಬದಿಯದು ಪಕ್ಕದ ಅಸ್ಥಿರಜ್ಜಿಗೆ ಅಂಟಿಕೊಂಡಿರುವುದರಿಂದ ಅಷ್ಟು ಸರಿಯದೆ ಸಿಕ್ಕಿಬೀಳುತ್ತದೆ. ಅದರ ಹೊರ ಅಂಚಿಗೆ ಮಾತ್ರ ರಕ್ತ ಹರಿಯುತ್ತದೆ, ಆದ್ದರಿಂದ ಅಲ್ಲಿ ಹರಿದರೆ ಹೊಲಿದು ಕೂಡಿಸಬಹುದು. ಒಳ ಅಂಚು ತಾನಾಗಿ ಕೂಡುವುದು ಕಷ್ಟ. ಈಗ ಸಾಧ್ಯವಾದಷ್ಟನ್ನು ಉಳಿಸಿಕೊಳ್ಳುವುದೇ ಪದ್ಧತಿ.

ನೆಲದಮಣೆ | ಸೋಮವಾರ, ರಾತ್ರಿ 9.50

ಇಷ್ಟೆಲ್ಲ ತಲೆಕೆಡಿಸಿಕೊಳ್ಳುವ ಅಗತ್ಯವಿಲ್ಲ. ನಮ್ಮ ಹಿರಿಯರು ನೆಲದ ಮೇಲೆ ಕುಳಿತು ಉಂಡರು, ಕುಕ್ಕರಗಾಲಿನಲ್ಲಿ ಶೌಚಕ್ಕೆ ಹೋದರು, ಅವರಿಗೆ ಮಂಡಿ ನೋವು ಎಂದರೇನೆಂದೇ ಗೊತ್ತಿರಲಿಲ್ಲ. ಕುರ್ಚಿ ಬಂದ ಮೇಲೆ ಮಂಡಿ ಕೆಟ್ಟಿತು. ನೆಲದ ಮೇಲೆ ಕೂರುವ ಜನಾಂಗಕ್ಕೆ ಕೀಲುಬೇನೆ ಬರುವುದಿಲ್ಲ, ಇದು ಪ್ರಕೃತಿಯ ನಿಯಮ.

ಮೂಳೆಪಾಠ | ಮಂಗಳವಾರ, ಬೆಳಿಗ್ಗೆ 8.25

ಮಾನ್ಯರೇ, ನಿಮ್ಮ ಮಾತಿನಲ್ಲಿ ಅರ್ಧ ನಿಜವಿರಬಹುದು ಎಂಬ ಕಾರಣಕ್ಕೇ ಅದನ್ನು ಹಾಗೇ ಬಿಡಲಾರೆ. ಚೀನಾದ ಬೀಜಿಂಗ್ ನಗರದಲ್ಲಿ ನಡೆದ ಅಧ್ಯಯನಗಳು ಇಲ್ಲಿ ಉಪಯುಕ್ತ, ಏಕೆಂದರೆ ಅವರೂ ನಮ್ಮ ಹಾಗೆ ಕುಕ್ಕರಗಾಲಿನಲ್ಲಿ ಕೂತವರು. ಅಲ್ಲಿನ ವೃದ್ಧರಲ್ಲಿ ತೊಡೆಯ ಬುಡದ ಕೀಲಿನ ಸವೆತ ಅಮೆರಿಕದ ಬಿಳಿಯರಿಗಿಂತ ಬಹಳ ಕಡಿಮೆ ಕಂಡುಬಂತು. ಆದರೆ ಮಂಡಿಯ ಸವೆತ ಅಲ್ಲಿನ ಹೆಂಗಸರಲ್ಲಿ ಅಮೆರಿಕದ ಬಿಳಿಯ ಹೆಂಗಸರಿಗಿಂತ ಹೆಚ್ಚೇ ಇತ್ತು. 2004ರಲ್ಲಿ ಪ್ರಕಟವಾದ ಭಾಗದಲ್ಲಿ, ಯೌವನದಲ್ಲಿ ದಿನಕ್ಕೆ ಹೆಚ್ಚು ಹೊತ್ತು ಕುಕ್ಕರಗಾಲಿನಲ್ಲಿ ಕೂತಿದ್ದವರಲ್ಲಿ ಮಂಡಿಯ ಸವೆತವೂ ಹೆಚ್ಚು ಎಂದು ತೋರಿತು. ಇಂಥ ಹೋಲಿಕೆಯಿಂದ ಕಾರಣವನ್ನು ಸಾಧಿಸಲಾಗದು, ತೂಕ, ದುಡಿಮೆ, ವಂಶ ಎಲ್ಲವೂ ಬೆರೆತಿರುತ್ತವೆ. ಆದರೂ "ಬರುವುದೇ ಇಲ್ಲ" ಎಂಬ ನಿಯಮ ಇದರ ಎದುರು ನಿಲ್ಲುವುದಿಲ್ಲ. ನಮ್ಮ ಅಜ್ಜಿಯರಿಗೆ ಮಂಡಿ ನೋವಿತ್ತು; ಹೇಳಿಕೊಳ್ಳಲು ವೈದ್ಯರಿರಲಿಲ್ಲ, ಕೊಬ್ಬರಿ ಎಣ್ಣೆ ಇತ್ತು.

ನಿಜವಾದ ಅರ್ಧ ಎಲ್ಲಿದೆ ಎಂದರೆ, ಕೀಲಿಗೆ ಚಲನೆ ಬೇಕೇ ಬೇಕು. ಮೂಳೆಯ ತುದಿಯನ್ನು ಮುಚ್ಚಿರುವ ಮೃದ್ವಸ್ಥಿಗೆ ರಕ್ತನಾಳವೂ ಇಲ್ಲ, ನರವೂ ಇಲ್ಲ. ಅದರ ತೂಕದ ಮುಕ್ಕಾಲು ಪಾಲಿನ ಆಸುಪಾಸು ನೀರೇ. ಭಾರ ಬಿದ್ದಾಗ ಹಿಂಡಿದ ಸ್ಪಂಜಿನ ಹಾಗೆ ದ್ರವ ಹೊರಬರುತ್ತದೆ, ಭಾರ ತೆಗೆದಾಗ ಕೀಲಿನ ರಸವನ್ನು ಹೀರಿಕೊಳ್ಳುತ್ತದೆ, ಅದರಿಂದಲೇ ಅದಕ್ಕೆ ಪೋಷಣೆ. ಆ ರಸವಾದರೋ ಆರೋಗ್ಯವಂತ ಮಂಡಿಯಲ್ಲಿ ಒಂದು ಚಹಾ ಚಮಚದಷ್ಟೂ ಇರುವುದಿಲ್ಲ. ಮೊಟ್ಟೆಯ ಬಿಳಿಯಂತೆ ಲೋಳೆಯಾಗಿರುವುದರಿಂದ ಪ್ಯಾರಾಸೆಲ್ಸಸ್ ಅದಕ್ಕೆ ಸೈನೋವಿಯಾ ಎಂದು ಹೆಸರಿಟ್ಟನೆಂದು ಹೇಳುತ್ತಾರೆ. ಒತ್ತುವುದು ಮತ್ತು ಬಿಡುವುದು ಎರಡೂ ಬೇಕು ಎಂಬುದನ್ನು ಗಮನಿಸಿ. ಕುರ್ಚಿಯಲ್ಲಿ ಎಂಟು ಗಂಟೆ ಕೂರುವುದೂ ಕುಕ್ಕರಗಾಲಿನಲ್ಲಿ ಮೂರು ಗಂಟೆ ಕೂರುವುದೂ ಈ ದೃಷ್ಟಿಯಿಂದ ಒಂದೇ ಜಾತಿಯ ತಪ್ಪು.

ಬಡಗುತಿಟ್ಟು | ಮಂಗಳವಾರ, ಮಧ್ಯಾಹ್ನ 3.10

ನಾನು ಯಕ್ಷಗಾನದ ಹವ್ಯಾಸಿ ವೇಷಧಾರಿ. ನಮ್ಮ ತಿಟ್ಟಿನಲ್ಲಿ ಮಂಡಿ ಹಾಕುವುದು ಎಂದರೆ ಎರಡೂ ಮಂಡಿಗಳನ್ನು ನೆಲಕ್ಕೂರಿ ರಂಗದ ಸುತ್ತ ಗಿರಗಿರನೆ ಸುತ್ತುವುದು. ಮೇಲಿನ ವಿವರಗಳನ್ನು ಓದಿ ನನಗೆ ಗಾಬರಿಯಾಯಿತು. ಬರೀ ಅರೆಮಂಡಿಗೇ ಇಷ್ಟು ತೊಂದರೆಯಾದರೆ ನಾವು ಸುತ್ತುವ ಸುತ್ತಿಗೆ ಮಂಡಿ ಉಳಿಯುವುದು ಹೇಗೆ? ಆದರೆ ಹತ್ತು ವರ್ಷದಲ್ಲಿ ನನಗೆ ಮಂಡಿ ಸುತ್ತಿನಿಂದ ಚರ್ಮ ತರಚಿದ್ದು ಬಿಟ್ಟರೆ ಏನೂ ಆಗಿಲ್ಲ. ಒಮ್ಮೆ ಮಾತ್ರ, ಹಾರಿ ಇಳಿಯುವಾಗ ಪಾದ ರಂಗಸ್ಥಳದ ಜಮಖಾನೆಗೆ ಸಿಕ್ಕಿಕೊಂಡು, ಮೈ ತಿರುಗಿ, ಮಂಡಿ ಊದಿಕೊಂಡು ಎರಡು ತಿಂಗಳು ಮನೆಯಲ್ಲಿದ್ದೆ.

ಕೈಗುಣ | ಮಂಗಳವಾರ, ಸಂಜೆ 6.45

ನಿಮ್ಮ ಅನುಭವ ಅಂಗರಚನೆಗೆ ಸರಿಯಾಗಿಯೇ ಹೊಂದುತ್ತದೆ. ಮಂಡಿಯ ಮೇಲೆ ಸುತ್ತುವಾಗ ತೊಡೆಮೂಳೆ ಮತ್ತು ಕಣಕಾಲ ಮೂಳೆ ಎರಡೂ ಒಟ್ಟಿಗೇ ತಿರುಗುತ್ತವೆ. ತಿಕ್ಕಾಟ ನೆಲಕ್ಕೂ ಚರ್ಮಕ್ಕೂ ನಡುವೆ, ಕೀಲಿನ ಒಳಗಲ್ಲ. ಅದರಿಂದ ಚಿಪ್ಪಿನ ಮುಂದಿರುವ ದ್ರವದ ಚೀಲ ಊದಿಕೊಳ್ಳಬಹುದು, ಪಟ್ಟಿ ಸುತ್ತಿಕೊಂಡು ಮಾಡಿ. ಹಾರಿ ಇಳಿದಾಗ ಆದದ್ದು ಬೇರೆ. ಪಾದ ನೆಲಕ್ಕೆ ಕಚ್ಚಿಕೊಂಡಿದೆ, ಕಣಕಾಲು ನಿಂತಿದೆ, ಮೇಲಿನ ತೊಡೆ ಮತ್ತು ದೇಹ ತಿರುಗಿವೆ, ಮಂಡಿ ಬಹುಮಟ್ಟಿಗೆ ನೀಡಿದ ಸ್ಥಿತಿಯಲ್ಲಿದೆ. ಅಂದರೆ ತಿರುಗಲು ಎಡೆಯೇ ಇಲ್ಲದ ಹೊತ್ತಿನಲ್ಲಿ ತಿರುಗಿಸಲಾಗಿದೆ. ಕೀಲಿನ ನಡುವೆ ಕತ್ತರಿಯಾಕಾರದಲ್ಲಿ ಹಾದುಹೋಗುವ ಎರಡು ಅಸ್ಥಿರಜ್ಜುಗಳಲ್ಲಿ ಮುಂದಿನದು ಹರಿಯುವುದು ಹೆಚ್ಚಾಗಿ ಹೀಗೆಯೇ. ಕಬಡ್ಡಿ ಆಟಗಾರರಲ್ಲೂ ಇದನ್ನೇ ನೋಡುತ್ತೇವೆ. ಓಡುತ್ತಾ ತಿರುಗುವಾಗ ಮಂಡಿ ಕುಸಿದಂತೆ ಈಗಲೂ ಅನ್ನಿಸುತ್ತಿದ್ದರೆ ಒಮ್ಮೆ ಪರೀಕ್ಷಿಸಿಕೊಳ್ಳಿ.

ಮೆಟ್ಟುಗತ್ತಿ | ಬುಧವಾರ, ಬೆಳಿಗ್ಗೆ 11.20

ನಮ್ಮ ಅತ್ತೆಯವರಿಗೆ ಕಳೆದ ವರ್ಷ ಎರಡೂ ಮಂಡಿಗೆ ಕೃತಕ ಕೀಲು ಹಾಕಿಸಿದೆವು. ನೋವು ಪೂರ್ತಿ ಹೋಗಿದೆ, ದೇವಸ್ಥಾನದ ಮೆಟ್ಟಿಲನ್ನೂ ಹತ್ತುತ್ತಾರೆ. ಆದರೆ ನೆಲದಲ್ಲಿ ಕೂರಬಾರದು ಎಂದಿದ್ದಾರೆ. ಅರವತ್ತು ವರ್ಷ ನೆಲದಲ್ಲಿ ಕುಳಿತು ಮೆಟ್ಟುಗತ್ತಿಯಲ್ಲಿ ತರಕಾರಿ ಹೆಚ್ಚಿದವರಿಗೆ ಈಗ ಮೇಜಿನ ಮೇಲೆ ಚಾಕು ಹಿಡಿದು ಹೆಚ್ಚುವುದೆಂದರೆ ಅವಮಾನವಾದ ಹಾಗೆ. ಮೆಟ್ಟಿಲು ಹತ್ತುವ ಕೀಲಿಗೆ ನೆಲದಲ್ಲಿ ಕೂರಲು ಯಾಕಾಗುವುದಿಲ್ಲ ಎಂದು ದಿನಾ ಕೇಳುತ್ತಾರೆ, ನನಗೆ ಉತ್ತರ ಗೊತ್ತಿಲ್ಲ.

ಮೂಳೆಪಾಠ | ಬುಧವಾರ, ಮಧ್ಯಾಹ್ನ 2.00

ಅವರ ಪ್ರಶ್ನೆಗೆ ಕೋನಗಳಲ್ಲಿ ಉತ್ತರ ಕೊಡಬಹುದು. ಸಮನೆಲದಲ್ಲಿ ನಡೆಯಲು ಮಂಡಿ 65 ಡಿಗ್ರಿಯಷ್ಟು ಮಡಿದರೆ ಸಾಕು, ಮೆಟ್ಟಿಲಿಗೆ 80ರಿಂದ 100, ಕುರ್ಚಿಯಿಂದ ಏಳಲು 90ರ ಮೇಲೆ ಸ್ವಲ್ಪ. ಕುಕ್ಕರಗಾಲಿಗೆ 130 ದಾಟಬೇಕು. ಹಿಮ್ಮಡಿ ಕುಂಡೆಗೆ ತಾಗುವಷ್ಟು ಮಡಿಸಿದರೆ 160ರ ಹತ್ತಿರ. ಕೃತಕ ಮಂಡಿ ಸಾಮಾನ್ಯವಾಗಿ 110ರಿಂದ 120ರವರೆಗೆ ಮಡಿಯುತ್ತದೆ. ಕೋನದ ಕೊರತೆಗಿಂತಲೂ ಮುಖ್ಯವಾದದ್ದು ಮೇಲೆ ಹೇಳಿದ ತಿರುಗುಣಿಯ ಆಟ. ಅಲ್ಲಿ ಲೋಹದ ಉಬ್ಬು ಗಟ್ಟಿ ಪ್ಲಾಸ್ಟಿಕ್ಕಿನ ತಟ್ಟೆಯ ಮೇಲೆ ಆಡುತ್ತದೆ. ಸರಿಯುವ ಸಿಂಬಿ ಇಲ್ಲ, ಮುಂದಿನ ಕತ್ತರಿ ರಜ್ಜನ್ನು ಬಹುತೇಕ ವಿನ್ಯಾಸಗಳಲ್ಲಿ ತೆಗೆದಿರುತ್ತಾರೆ. ಆಳಕ್ಕೆ ಮಡಿಸಿ ತಿರುಚಿದರೆ ಉಬ್ಬು ತಟ್ಟೆಯ ಹಿಂದಿನ ಅಂಚಿನ ಮೇಲೆ ಭಾರ ಹಾಕುತ್ತದೆ, ಪ್ಲಾಸ್ಟಿಕ್ ಬೇಗ ಸವೆಯುತ್ತದೆ. ಅಮ್ಮನವರಿಗೆ ಹೀಗೆ ಹೇಳಿ: ನಡುಮನೆಯ ಹಳೆಯ ಬಾಗಿಲು ತೆಗೆದು ಬಿಜಾಗರಿಯ ಬಾಗಿಲು ಕೂರಿಸಿದ್ದಾರೆ, ಅದನ್ನು ಬಿಜಾಗರಿ ಒಪ್ಪುವಷ್ಟೇ ತೆರೆಯಬೇಕು. ಮೆಟ್ಟುಗತ್ತಿಯನ್ನು ಗಟ್ಟಿಯಾಗಿ ಕೂರುವಂತೆ ಒಂದು ಎತ್ತರದ ಬೆಂಚಿಗೆ ಬಿಗಿಸಿಕೊಟ್ಟರೆ, ಅದರ ಪಕ್ಕ ಕುಳಿತು ಹೆಚ್ಚಬಹುದೇ ನೋಡಿ.

ಸಂಶಯಿ | ಬುಧವಾರ, ರಾತ್ರಿ 10.15

ಕೊನೆಯದಾಗಿ ಒಂದು ಸಣ್ಣ ಪ್ರಶ್ನೆ. ಕುಕ್ಕರಗಾಲಿನಿಂದ ಏಳುವಾಗ ನನ್ನ ಮಂಡಿ ಲಟಕ್ ಎನ್ನುತ್ತದೆ. ಬೆರಳಿನ ನೆಟಿಗೆಯೂ ಇದೂ ಒಂದೆಯೇ?

ಕೈಗುಣ | ಗುರುವಾರ, ಬೆಳಿಗ್ಗೆ 7.05

ಬೆರಳಿನ ನೆಟಿಗೆ ಎಂದರೆ ಕೀಲನ್ನು ಎಳೆದಾಗ ರಸದೊಳಗೆ ಉಂಟಾಗುವ ಅನಿಲದ ಗುಳ್ಳೆಯ ಶಬ್ದ. ಗುಳ್ಳೆ ಹುಟ್ಟುವಾಗ ಶಬ್ದವೋ ಕುಸಿಯುವಾಗಲೋ ಎಂಬ ಜಗಳ ಇನ್ನೂ ಮುಗಿದಿಲ್ಲ. 1971ರಲ್ಲಿ ಕುಸಿಯುವಾಗ ಎಂದರು, 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಎಂಆರ್‌ಐ ಚಿತ್ರ ತೆಗೆದು ಹುಟ್ಟುವಾಗ ಎಂದರು. ಒಮ್ಮೆ ತೆಗೆದ ನೆಟಿಗೆ ಮತ್ತೆ ಬರಲು ಸುಮಾರು ಇಪ್ಪತ್ತು ನಿಮಿಷ ಬೇಕು. ನಿಮ್ಮ ಮಂಡಿ ಪ್ರತಿ ಸಲ ಎದ್ದಾಗಲೂ ಶಬ್ದ ಮಾಡುವುದಾದರೆ ಅದು ಗುಳ್ಳೆಯಲ್ಲ, ಹೆಚ್ಚಾಗಿ ಸ್ನಾಯುರಜ್ಜು ಮೂಳೆಯ ಏಣಿನ ಮೇಲಿಂದ ಜಾರುವ ಶಬ್ದ ಅಥವಾ ಚಿಪ್ಪಿನ ಹಿಂಬದಿಯದು. ನೋವು, ಊತ ಇಲ್ಲದಿದ್ದರೆ ಅದರ ಪಾಡಿಗೆ ಬಿಡಿ.

ಹೊಸಿಲು | ಗುರುವಾರ, ಸಂಜೆ 5.30

ಎಲ್ಲರ ಉತ್ತರಗಳನ್ನೂ ಮೊಮ್ಮಗಳಿಗೆ ಓದಿ ಹೇಳಿದೆ. ಅವಳು ಗುಬುಟಿನ ಮೇಲೆ ಬೆರಳಿಟ್ಟು ಮನೆಯವರೆಲ್ಲರ ಮಂಡಿ ಪರೀಕ್ಷಿಸಿದಳು. ಆದರೆ ಡಾಕ್ಟರೇ, ಕುಕ್ಕರಗಾಲಿನ ಬಗ್ಗೆ ಬರೆಯುತ್ತೇನೆ ಎಂದು ಊಟಕ್ಕೆ ಹೋದವರು ಮರೆತೇಬಿಟ್ಟಿರಿ. ಈ ನಡುವೆ ಬಡಗಿ ತಾವೇ ಒಂದು ಪ್ರಯೋಗ ಮಾಡಿದರು. ಹಲಸಿನ ಮರದ ಎರಡು ಇಂಚಿನ ತುಂಡೊಂದನ್ನು ನನ್ನ ಹಿಮ್ಮಡಿಗಳ ಕೆಳಗೆ ಇಟ್ಟು, "ಈಗ ಕೂತ್ಕಳಿ ಮೇಷ್ಟ್ರೆ" ಎಂದರು. ಕುಳಿತೆ. ಹತ್ತು ನಿಮಿಷ ಬೀಳಲಿಲ್ಲ. ತುಂಡು ತೆಗೆದರೆ ಮತ್ತೆ ಹಿಂದಕ್ಕೆ ಬಿದ್ದೆ.

ಮೂಳೆಪಾಠ | ಗುರುವಾರ, ರಾತ್ರಿ 8.55

ಕ್ಷಮಿಸಿ, ಮರೆತದ್ದು ನಿಜ. ನಾನು ಎರಡು ಪುಟ ಬರೆಯಬೇಕಿದ್ದ ಉತ್ತರವನ್ನು ನಿಮ್ಮ ಬಡಗಿ ಒಂದು ಮರದ ತುಂಡಿನಿಂದ ಕೊಟ್ಟಿದ್ದಾರೆ. ನಿಮ್ಮ ಅಡಚಣೆ ಮಂಡಿಯಲ್ಲಿಲ್ಲ, ತೊಡೆಯ ಬುಡದಲ್ಲೂ ಇಲ್ಲ, ಪಾದದ ಹರಡಿನಲ್ಲಿದೆ. ಕುಕ್ಕರಗಾಲಿನಲ್ಲಿ ಹಿಮ್ಮಡಿ ಊರಿ ಕೂರಬೇಕಾದರೆ ಕಣಕಾಲು ಪಾದದ ಮೇಲೆ ಸಾಕಷ್ಟು ಮುಂದಕ್ಕೆ ವಾಲಬೇಕು. ವಾಲದಿದ್ದರೆ ದೇಹದ ಭಾರ ಹಿಮ್ಮಡಿಯ ಹಿಂದಕ್ಕೆ ಹೋಗಿ ನೀವು ಉರುಳುತ್ತೀರಿ. ಹರಡಿನ ಒಳಗಿನ ಟೇಲಸ್ ಎಂಬ ಮೂಳೆ ಹಿಂದೆ ಕಿರಿದು, ಮುಂದೆ ಅಗಲ. ಕಣಕಾಲು ಮುಂದಕ್ಕೆ ವಾಲಿದಂತೆ ಆ ಅಗಲದ ಭಾಗ ಎರಡು ಮೂಳೆಗಳ ಇಕ್ಕುಳದ ನಡುವೆ ಬೆಣೆಯಂತೆ ಸೇರಿ ಬಿಗಿಯುತ್ತದೆ. ಮೀನಖಂಡದ ಬಿಗಿತವೂ ಸೇರಿದರೆ ಇನ್ನೂ ಬೇಗ ನಿಲ್ಲುತ್ತದೆ.

ಈ ವಿಷಯಕ್ಕೆ ನಮ್ಮ ದೇಶದ ನಂಟಿದೆ. ಲಾಹೋರಿನ ವೈದ್ಯಕೀಯ ಕಾಲೇಜಿನಲ್ಲಿ ಅಂಗರಚನೆ ಕಲಿಸುತ್ತಿದ್ದ ಹ್ಯಾವ್ಲಾಕ್ ಚಾರ್ಲ್ಸ್ ಎಂಬವರು 1893ರಲ್ಲಿ ಪಂಜಾಬಿಗಳ ಕಾಲಿನ ಮೂಳೆಗಳನ್ನು ಯುರೋಪಿನವರ ಮೂಳೆಗಳೊಂದಿಗೆ ಹೋಲಿಸಿ ಬರೆದರು. ಕಣಕಾಲ ಮೂಳೆಯ ಕೆಳಗಿನ ಮುಂದಂಚಿನಲ್ಲೂ ಟೇಲಸ್‌ನ ಕತ್ತಿನ ಮೇಲೂ ನುಣುಪಾದ ಪುಟ್ಟ ಮೈಗಳು ಅವರಿಗೆ ಕಂಡವು. ಕುಕ್ಕರಗಾಲಿನಲ್ಲಿ ಕೂತಾಗ ಆ ಎರಡು ಮೂಳೆಗಳು ಒಂದನ್ನೊಂದು ಮುಟ್ಟುವ ಜಾಗ ಅದು. 1959ರಲ್ಲಿ ಇಂದರ್‌ಬೀರ್ ಸಿಂಗ್ ಅವರು ಭಾರತೀಯರ ಮೂಳೆಗಳಲ್ಲಿ ಇದನ್ನು ಮತ್ತೆ ಕೂಲಂಕಷವಾಗಿ ಪರಿಶೀಲಿಸಿದರು. ನಾನು ಪ್ರತಿ ವರ್ಷ ತರಗತಿಗೆ ಹಳೆಯ ಕಣಕಾಲ ಮೂಳೆಯೊಂದನ್ನು ಒಯ್ದು ಆ ನುಣುಪನ್ನು ವಿದ್ಯಾರ್ಥಿಗಳ ಬೆರಳಿಗೆ ಮುಟ್ಟಿಸುತ್ತೇನೆ. ನಿಮ್ಮ ಬಡಗಿಯ ಹರಡಿನಲ್ಲಿ ಅದು ಇದ್ದರೂ ಇರಬಹುದು, ಅವರನ್ನು ಕೇಳಿ ನೋಡುವಂತಿಲ್ಲ.

ಹೊಸಿಲು | ಶುಕ್ರವಾರ, ಬೆಳಿಗ್ಗೆ 6.50

ಕೇಳಿದೆ. "ಮೂಳೆ ಗೊತ್ತಿಲ್ಲ, ಬೆಣೆ ಗೊತ್ತು" ಎಂದರು. ಹಲಸಿನ ತುಂಡನ್ನು ಒಂದು ಕಡೆ ಎರಡು ಇಂಚು, ಇನ್ನೊಂದು ಕಡೆ ಅರ್ಧ ಇಂಚು ಬರುವಂತೆ ಇಳಿಜಾರಾಗಿ ಕೆತ್ತಿ ಕೊಟ್ಟುಹೋಗಿದ್ದಾರೆ.